ಎಲೆಯ ಪಾಠ ಹೇಳಿಕೊಡದ ಹುಡುಗ

ಇಟ್ಟಮಡುವಿನ ಶಾಲೆಯೊಂದರಲ್ಲಿ ನಾನು ಆಯಾ. ಹೊಸ ಮಿಸ್ ಬಂದ ಮೇಲೆ ಮಕ್ಕಳನ್ನು ಮೂವರು ಮೂವರಾಗಿ ಗುಂಪು ಮಾಡಿ ಕೂರಿಸ್ತಾರೆ. ಒಬ್ಬೊಬ್ಬರು ಪಾಠದ ಒಂದೊಂದು ಭಾಗ ಓದಿ ಉಳಿದಿಬ್ಬರಿಗೆ ಹೇಳಿಕೊಡಬೇಕು. ಆಮೇಲೆ ಮಿಸ್ ಗುಂಪಲ್ಲಿ ಯಾರನ್ನಾದರೂ ಒಬ್ಬರನ್ನ ಎಬ್ಬಿಸಿ ಕೇಳ್ತಾರೆ. ಆ ಮಗುವಿಗೆ ಬಂದ ಮಾರ್ಕೇ ಮೂವರಿಗೂ.

ಇದಕ್ಕೇ ಅದ್ವಿಕನ ತಾಯಿ ಜಗಳಕ್ಕೆ ಬಂದಳು. ಜಯನಗರದ ಹಳೇ ಮನೆತನ, ತಲೆ ಮೇಲೆ ಕೂಲಿಂಗ್ ಗ್ಲಾಸು.

"ಆ ರೇಣುಕಾ ಉತ್ತರ ಹೇಳದೆ ನಿಂತಿದ್ದಕ್ಕೆ ನಮ್ಮವನ ಮಾರ್ಕ್ಸ್ ಹೋಯ್ತು ಮೇಡಂ. ಅವನನ್ನ ಬೇರೆ ಗುಂಪಿಗೆ ಹಾಕಿ."

ರೇಣುಕಾ ವಿಜಯಪುರದ ಕಡೆಯ ಮಗು. ಅಲ್ಲೇ ಕೂತಿದ್ದ ಅದು ತಲೆ ತಗ್ಗಿಸಿತು.

"ನೀವೇ ಕೂತು ನೋಡಿ" ಅಂದರು ಮಿಸ್. ಕುರ್ಚಿ ತಂದಿಟ್ಟ ನೆಪದಲ್ಲಿ ನಾನೂ ಬಾಗಿಲಲ್ಲೇ ನಿಂತೆ.

ಮಿಸ್ ಮಾರ್ಕ್ಸ್ ಹೋಗಿದ್ದ ಅದೇ ಗಿಡದ ಪಾಠ ಮತ್ತೆ ಕೇಳಿದರು. ರೇಣುಕಾ ಬೇರಿನ ಕೆಲಸ ಹೇಳಿತು, ಕಾಂಡದ್ದೂ ಹೇಳಿತು. ಎಲೆ ಬಂದಾಗ ಸುಮ್ಮನಾಯಿತು.

"ಯಾಕಮ್ಮ?"

"ಎಲೀದು ಅದ್ವಿಕ್ ಹೇಳಿಕೊಡಬೇಕಿತ್ರೀ ಮಿಸ್. ಎಷ್ಟು ಕೇಳಿದ್ರೂ ಹೇಳಲಿಲ್ರೀ."

ಮಿಸ್ ಅದ್ವಿಕನ ಕಡೆ ತಿರುಗಿದರು. ಅವನು ತಾಯಿಯ ಮುಖ ನೋಡ್ಕೊಂಡು, "ಮಮ್ಮಿನೇ ಹೇಳಿದ್ದು, ನಿಂಗೆ ಗೊತ್ತಿರೋದನ್ನ ಯಾರಿಗೂ ಹೇಳ್ಬೇಡ, ಮುಂದೆ ಹೋಗ್ಬಿಡ್ತಾರೆ ಅಂತ" ಅಂದ.

ತಲೆ ಮೇಲಿದ್ದ ಕೂಲಿಂಗ್ ಗ್ಲಾಸು ಕ್ಲಾಸಿನೊಳಗೇ ಕಣ್ಣಿಗೆ ಇಳೀತು. ಗುಂಪು ಬದಲಿಸೋ ಮಾತು ಅಲ್ಲಿಗೇ ನಿಂತಿತು. ಅದ್ವಿಕ ರೇಣುಕಾ ಪಕ್ಕ ಕೂತು ಎಲೆಯ ಪಾಠ ಶುರು ಮಾಡಿದ.

ಸಂಜೆ ಬೆಲ್ ಹೊಡೆಯೋಷ್ಟರಲ್ಲಿ ಗೇಟಿನ ಹತ್ತಿರ ನಿಂತಿದ್ದ ತಾಯಂದಿರಿಗೆಲ್ಲ ನಾನು ಸುದ್ದಿ ಮುಟ್ಟಿಸಿದ್ದೆ. ಗೊತ್ತಿರೋದನ್ನ ಮುಚ್ಚಿಟ್ಟುಕೊಳ್ಳೋ ಬುದ್ಧಿ ನನಗಂತೂ ಮೊದಲಿಂದಲೂ ಇಲ್ಲ.