ಮೇಲೊಬ್ಬಳು, ಕೆಳಗೊಬ್ಬಳು, ನಡುವೆ ಚಾವಣಿ

ಬೆಳಗಿನ ಆರು ಗಂಟೆ. ಹಜಾರದ ನಡುವೆ ಸ್ಟೂಲಿನ ಮೇಲೆ ನಿಂತು ಅಟ್ಟದಕ್ಕ ಮರದ ಚಾವಣಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಾರೆ. ಡಬ್, ಡಬ್, ಡಬ್... ಟಕ್. ಟಕ್ ಎಂದ ಕಡೆ ಪೆನ್ಸಿಲ್ ಗೀಟು. ಅಲ್ಲೊಂದು ಜಂತೆಯಿದೆ, ಚಾವಣಿಯ ಹಲಗೆಗಳನ್ನೆಲ್ಲ ಹೊತ್ತಿರುವ ಉದ್ದನೆಯ ಮರ ಅದು. ಮನೆಯೊಡೆಯ ಮೇಷ್ಟ್ರು ಕಾಫಿ ಆರುವುದನ್ನೂ ಮರೆತು ಮೇಲೆ ನೋಡುತ್ತಿದ್ದಾರೆ. ಅವರ ತಾಯಿಯಂತೂ ಕುರ್ಚಿ ಎಳೆದುಕೊಂಡು ಮುಂದೆಯೇ ಕೂತಿದ್ದಾರೆ. ಅಟ್ಟ ಈ ಅಜ್ಜಿಯದೇ. ಬಣ್ಣ, ಕುಂಚ, ಅರ್ಧ ಬರೆದ ಚಿತ್ರಗಳು ಎಲ್ಲ ಅಲ್ಲೇ ಇವೆ. ಎರಡು ವರ್ಷದ ಹಿಂದೆ ಗೋಡೆಗೆ ಒರಗಿಸಿದ್ದ ಏಣಿಯಿಂದ ಜಾರಿ ಬಿದ್ದ ಮೇಲೆ ಅವರು ಹತ್ತಿಲ್ಲ.

ಅಟ್ಟದ ಏಣಿ ಕೂರಿಸುವುದೇ ಅಟ್ಟದಕ್ಕನ ಕಸುಬು, ಆ ಹೆಸರು ಬಂದದ್ದೂ ಅದರಿಂದಲೇ. ಎಳೆದರೆ ಇಳಿಯುವ, ತಳ್ಳಿದರೆ ಮಡಚಿಕೊಂಡು ಚಾವಣಿಯೊಳಗೆ ಸೇರುವ ಏಣಿ. ಅದಕ್ಕೆ ಚಾವಣಿಯಲ್ಲಿ ಎರಡೂವರೆ ಅಡಿ ಅಗಲ, ನಾಲ್ಕೂವರೆ ಅಡಿ ಉದ್ದದ ಬಾಯಿ ತೆಗೆಯಬೇಕು. ನಡುವೆ ಬರುವ ಜಂತೆಯನ್ನು ಕೊಯ್ದು, ಅದರ ಭಾರವನ್ನು ಅಡ್ಡಪಟ್ಟಿಗಳ ಮೂಲಕ ಅಕ್ಕಪಕ್ಕದ ಜಂತೆಗಳಿಗೆ ಹೊರಿಸಬೇಕು. ದಿನಕ್ಕೊಂದೇ ಅಟ್ಟ. ಆರು ವರ್ಷದಲ್ಲಿ ಇನ್ನೂರ ನಲವತ್ತು ದಾಟಿದೆ. "ಏಣಿ ಎಲ್ಲರಿಗೂ ಕಾಣುತ್ತೆ, ಚೌಕಟ್ಟು ಯಾರಿಗೂ ಕಾಣಲ್ಲ. ನನ್ನ ಕೆಲಸ ಇರೋದು ಚೌಕಟ್ಟಲ್ಲಿ," ಎಂದು ನಗುತ್ತಾರೆ.

ತಲೆಯ ಮೇಲಿಂದ ಸೀನು ಕೇಳಿಸುತ್ತದೆ. ಅದು ಅಟ್ಟದಕ್ಕನ ನಾದಿನಿ. ಬಚ್ಚಲ ಪಕ್ಕದ ಹಳೆಯ ಕಿಂಡಿಯಲ್ಲಿ ತೂರಿ ಆಗಲೇ ಅಟ್ಟ ಸೇರಿದ್ದಾರೆ. ಅಟ್ಟದಕ್ಕನ ಮೈಗೆ ಆ ಕಿಂಡಿ ಸಾಲದು.

ಒಂದು ಕಾಲದಲ್ಲಿ ಇಬ್ಬರಿಗೂ ಮಾತಿರಲಿಲ್ಲ. ಯಾರದೋ ಮದುವೆಯಲ್ಲಿ, ಅತ್ತಿಗೆಯ ಸೀರೆಯನ್ನು ನಾದಿನಿ "ಪರದೆ ಬಟ್ಟೆ ಥರ ಇದೆ" ಎಂದದ್ದೇ ನೆಪ. ನಾಲ್ಕು ವರ್ಷ ಮುಖ ತಿರುಗಿಸಿಕೊಂಡೇ ಓಡಾಡಿದರು. ಆಮೇಲೆ ಅಟ್ಟದಕ್ಕನ ಜೊತೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ಅವರ ಗಂಡ ಸೊಂಟ ಹಿಡಿದುಕೊಂಡು ಮಲಗಿದರು. ಒಪ್ಪಿಕೊಂಡ ಅಟ್ಟ ಹಾಗೇ ಉಳಿಯಿತು. ಟೈಪಿಂಗ್ ಕೆಲಸ ಬಿಟ್ಟು ಮನೆಯಲ್ಲಿದ್ದ ನಾದಿನಿ, ಯಾರೂ ಕರೆಯದಿದ್ದರೂ ಬೆಳಗಾಗುತ್ತಲೇ ಬಂದು ನಿಂತರು. ದಾರಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಆದರೆ ಗರಗಸ ಮೌನ ವ್ರತ ಕೇಳುತ್ತದೆಯೇ?

"ಮೇಲೆ ಇವಳ ಕೈ ಎಲ್ಲಿದೆಯೋ ಗೊತ್ತಿಲ್ಲ. 'ಕೈ ತೆಗಿ!' ಅಂತ ಕೂಗಿದೆ. 'ತೆಗ್ದೆ ಅತ್ತಿಗೆ!' ಅಂದ್ಲು. ನಾಲ್ಕು ವರ್ಷದ ಮೇಲೆ ಅದೇ ಮೊದಲ ಮಾತು. ಸಂಜೆ ಹೊತ್ತಿಗೆ ಇಬ್ಬರಿಗೂ ಗಂಟಲು ಕಟ್ಟಿತ್ತು," ಎನ್ನುತ್ತಾರೆ ಅಟ್ಟದಕ್ಕ.

ಇವತ್ತು ಹಲಗೆ ಕೊಯ್ದಾಯಿತು, ಕೊಯ್ಯಬೇಕಾದ ಜಂತೆಗೆ ಎರಡೂ ಕಡೆ ಆಸರೆಯ ಕಂಬ ಕೊಟ್ಟಾಯಿತು. ಇನ್ನೇನು ಗರಗಸ ಇಡಬೇಕು, ಮೇಲಿಂದ ಕೂಗು: "ಅತ್ತಿಗೆ, ನಿಲ್ಸಿ! ಎಡಗಡೆ ಜಂತೆ ಸೀಳಿದೆ!"

ಭಾರ ಹೊರಬೇಕಾದ ಜಂತೆಯೇ ಅದು. ಅಟ್ಟದಕ್ಕ ಗರಗಸ ಕೆಳಗಿಡುತ್ತಾರೆ.

"ಸಣ್ಣ ಸೀಳು ತಾನೇ? ಪಟ್ಟಿ ಹೊಡೆದರೆ ಯಾರಿಗೂ ಕಾಣಲ್ಲ ಬಿಡಿ," ಎನ್ನುತ್ತಾರೆ ಮೇಷ್ಟ್ರು.

"ಕಾಣಲ್ಲ ಸಾರ್. ಆದ್ರೆ ಹತ್ತೋದು ನಿಮ್ಮಮ್ಮ."

ಮೇಷ್ಟ್ರು ಫೋನು ಎತ್ತಿಕೊಳ್ಳುತ್ತಾರೆ. ಮರದಂಗಡಿಯಿಂದ ಅಷ್ಟೇ ಉದ್ದದ ಹೊಸ ಜಂತೆ ಬರುತ್ತದೆ. ಕೊಯ್ದ ಬಾಯಿಯಿಂದ ಅದನ್ನು ಮೇಲೇರಿಸಿ, ಸೀಳಿದ್ದರ ಮಗ್ಗುಲಿಗೆ ಒತ್ತಿ ಬೋಲ್ಟು ಬಿಗಿಯುವಷ್ಟರಲ್ಲಿ ಮೂರು ಗಂಟೆ ಕಳೆಯುತ್ತದೆ. "ಕೈ ತೆಗಿ!" "ತೆಗ್ದೆ!" ಗರಗಸ ಹಾಡುತ್ತದೆ, ಮರದ ಹುಡಿ ಅಟ್ಟದಕ್ಕನ ಹುಬ್ಬನ್ನೆಲ್ಲ ಬೆಳ್ಳಗೆ ಮಾಡುತ್ತದೆ. ಅಡ್ಡಪಟ್ಟಿ ಕೂರುತ್ತದೆ, ಮೂಲೆಮಟ್ಟ ಇಟ್ಟು ನೋಡಿದರೆ ಚೌಕಟ್ಟಿನ ಮೂಲೆಗಳು ಕೂದಲೆಳೆಯಷ್ಟೂ ತಪ್ಪಿಲ್ಲ. ನಾಲ್ಕು ಗಂಟೆಗೆ ಏಣಿ ನೆಲ ಮುಟ್ಟುತ್ತದೆ.

ಅಟ್ಟದಕ್ಕ ಮೊದಲು ತಾವು ಹತ್ತಿ, ಮೆಟ್ಟಿಲು ಮೆಟ್ಟಿಲಿನ ಮೇಲೂ ಕುಣಿದು ನೋಡುತ್ತಾರೆ. ಆಮೇಲೆ ಅಜ್ಜಿ. ಮೇಲೆ ನಾದಿನಿಯ ಕೈ, ಕೆಳಗೆ ಅತ್ತಿಗೆಯ ಕೈ. ಅಜ್ಜಿ ಎರಡನ್ನೂ ಹಿಡಿಯದೆ ಏಣಿಯ ಪಕ್ಕದ ಕಟಾಂಜನ ಹಿಡಿದೇ ಏರುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಿಂದ ಬೈಗುಳ: "ಅಯ್ಯೋ, ನನ್ನ ನೀಲಿ ಬಣ್ಣ ಪೂರಾ ಒಣಗಿದೆ! ಲೋ, ಅಂಗಡಿಗೆ ಹೋಗೋ!" ಐವತ್ತು ದಾಟಿದ ಮೇಷ್ಟ್ರು ಚಪ್ಪಲಿ ಮೆಟ್ಟಿ ಓಡುತ್ತಾರೆ.

ಸಾಮಾನು ಕಟ್ಟುತ್ತಾ ಅಟ್ಟದಕ್ಕ ತಮ್ಮದೊಂದು ಆಸೆ ಹೇಳುತ್ತಾರೆ. ನಾದಿನಿ ಹೊಸ ಮನೆ ಕಟ್ಟಿಸುತ್ತಿದ್ದಾರೆ, ಅದಕ್ಕೂ ಅಟ್ಟವಿದೆ. "ಅವತ್ತು ಇವಳು ಏನೂ ಮುಟ್ಟಬಾರದು. ಈ ಅಜ್ಜಿ ಥರ ಕುರ್ಚಿ ಹಾಕ್ಕೊಂಡು ಕೂರ್ಬೇಕು. ಪೂರಾ ನಾನೇ ಮಾಡ್ಬೇಕು."

"ಮತ್ತೆ ಮೇಲೆ ಯಾರಿರ್ತಾರೆ ಅತ್ತಿಗೆ?"

"ನಾನೇ ಕಣೇ. ಕಿಂಡಿ ಸ್ವಲ್ಪ ದೊಡ್ಡದಾಗಿ ಇಡಿಸು."