ಎಕ್ಸಲೇಟರ್ ಒತ್ತಿದಾಗಿನ ಸದ್ದು

ನಮ್ಮ ಕಾರಿನ ಸದ್ದು ನಿಂತಲ್ಲಿ ಬರುತ್ತಿರಲಿಲ್ಲ, ಮೆಲ್ಲಗೆ ಹೋದರೂ ಬರುತ್ತಿರಲಿಲ್ಲ. ಎಕ್ಸಲೇಟರ್ ಒತ್ತಿ ವೇಗ ಏರಿಸಿದೆನೋ, ಮುಂದೆಲ್ಲೋ ಟಕ ಟಕ ಟಕ ಅಂತ ಶುರು. ಕಾಲು ತೆಗೆದರೆ ಗಪ್ಪು. ಹೊಸದಾಗಿ ಗಾಡಿ ಕಲಿತವಳಿಗೆ ಇದಕ್ಕಿಂತ ದೊಡ್ಡ ಕಾಟ ಬೇಕೆ?

ಐವತ್ತು ದಾಟಿದ ಮೇಲೆ ನಾನು ಕಾರು ಕಲಿತದ್ದು ಶೋಕಿಗಲ್ಲ. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಸದ್ಯಕ್ಕೆ ಸ್ಟೇರಿಂಗ್ ಮುಟ್ಟಬೇಡಿ ಅಂದರು. ತೋರಿಸುವ ಡಾಕ್ಟರ್ ವಾರಕ್ಕೊಮ್ಮೆ ಗದ್ವಾಲಕ್ಕೆ ಬರುತ್ತಾರೆ. ಬಸ್ಸಿನ ನೂಕಾಟದಲ್ಲಿ ಇವರನ್ನು ಕರೆದೊಯ್ಯುವ ಧೈರ್ಯ ನನಗಿರಲಿಲ್ಲ, ಹಾಗಾಗಿ ಸ್ಟೇರಿಂಗ್ ಹಿಡಿದೆ. ನಾಲಗೆಯಡಿ ಇಡುವ ಗುಳಿಗೆ ನನ್ನ ಪರ್ಸಿನಲ್ಲಿ. ಒಂದು ಕಣ್ಣು ದಾರಿಯ ಮೇಲೆ, ಇನ್ನೊಂದು ಕಣ್ಣು ಅವರ ಕೈ ಎದೆಗೆ ಹೋಗುತ್ತದೆಯೋ ಎಂದು. ಎರಡು ಕಣ್ಣಿಗೂ ಕೆಲಸ ಸಾಲದು ಅಂತ ಕಿವಿಗೂ ಈಗೊಂದು ಕೆಲಸ ಹತ್ತಿತ್ತು.

ನನ್ನ ಹೆದರಿಕೆ ಒಂದೇ. ಗದ್ವಾಲದ ದಾರಿಯ ಜುರಾಲ ಡ್ಯಾಮಿನ ಆಸುಪಾಸು, ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಗಾಡಿಯೂ ನಿಂತು ಅದೇ ಹೊತ್ತಿಗೆ ಇವರ ಎದೆಯೂ ಹಿಡಿದುಕೊಂಡರೆ?

ಹಿಂದಿನ ಸದ್ದೇ ಮುಂದೆ ಕೇಳುತ್ತಿರಬಹುದು ಅಂತ ಡಿಕ್ಕಿಯಲ್ಲಿದ್ದ ಜಾಕು, ಪಾನಾ, ನೀರಿನ ಕ್ಯಾನು ಎಲ್ಲ ಹೊರಗೆ ತೆಗೆದಿಟ್ಟು ಓಡಿಸಿ ನೋಡಿದೆ. ಸದ್ದು ಇದ್ದೇ ಇತ್ತು. ನಮ್ಮ ಓಣಿಯ ಗ್ಯಾರೇಜಿನವನು ನಿಂತಲ್ಲೇ ಎಕ್ಸಲೇಟರ್ ಒತ್ತಿ ಕಿವಿಗೊಟ್ಟ. ಆಗ ಕಾರು ಗರತಿಯ ಹಾಗೆ ಸುಮ್ಮನಿತ್ತು. ಏನೂ ಇಲ್ಲ ಅಂದುಬಿಟ್ಟ. ಬಾನೆಟ್ ತೆಗೆದು ನೋಡಪ್ಪಾ ಅಂದರೆ ನಮ್ಮವರು ಅಡ್ಡ ಬಂದರು. ಬಾನೆಟ್ ತೆಗೆದರೆ ಮೆಕ್ಯಾನಿಕ್ಕುಗಳು ಇಲ್ಲದ ರೋಗ ಹುಡುಕುತ್ತಾರಂತೆ. ಗಾಡಿಗೇನೂ ಆಗಿಲ್ಲ, ನಿನ್ನ ಕಾಲೇ ಭಾರ ಅಂತ ನನ್ನನ್ನೇ ಗೇಲಿ ಮಾಡಿದರು. ಜಿಪುಣತನ ಅಂದುಕೊಂಡು ಬೈದುಕೊಂಡೆ.

ಆ ಸಲ ಗದ್ವಾಲಕ್ಕೆ ಹೊರಟಾಗ ಮಕ್ತಲ್ ಹತ್ತಿರ ಬರುವಷ್ಟರಲ್ಲಿ ನನ್ನ ಅಂಗೈ ಬೆವತು ಸ್ಟೇರಿಂಗ್ ಜಾರುತ್ತಿತ್ತು. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ದಾಟೋಣ ಅಂತ ಒತ್ತಿದರೆ ಟಕ ಟಕ. ಹೆದರಿ ಕಾಲು ತೆಗೆದೆ. ಮತ್ತೆ ಒತ್ತಿದೆ, ಮತ್ತೆ ತೆಗೆದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಪ್ರಾಣ ತಿಂದ. ಡಾಕ್ಟರ್ ಎದ್ದು ಹೋಗುತ್ತಾರೆ, ಬೇಗ ನಡಿ ಎಂದು ಇವರು ಗೊಣಗಿದರು. ನನಗೆ ರೇಗಿತು. ಮಕ್ತಲಿನಲ್ಲಿ ಕಂಡ ಮೊದಲ ಗ್ಯಾರೇಜಿಗೆ ಗಾಡಿ ತಿರುಗಿಸಿಬಿಟ್ಟೆ.

ಅಲ್ಲಿನ ಮೆಕ್ಯಾನಿಕ್ ನಮ್ಮ ವಾರಿಗೆಯವನೇ. ಅರ್ಧ ತೆಲುಗು, ಅರ್ಧ ಕನ್ನಡ. ಸದ್ದು ಯಾವಾಗ ಬರುತ್ತದೆ ಎಂದು ವಿಚಾರಿಸಿದ. ಭಾರ ಎಳೆಯುವಾಗ ಮಾತ್ರ ಬರುವ ಸದ್ದು ನಿಂತಲ್ಲಿ ಹೇಗೆ ಬಂದೀತು ಅಂದು, ಹ್ಯಾಂಡ್‌ಬ್ರೇಕ್ ಎಳೆಸಿದ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಲು ಹೇಳಿದ. ನಮ್ಮವರು ಬೇಡ ಅನ್ನುವಷ್ಟರಲ್ಲಿ ಅವನು ಬಾನೆಟ್ ಎತ್ತಿ ಪಕ್ಕಕ್ಕೆ ನಿಂತಿದ್ದ. ಕ್ಲಚ್ ಬಿಟ್ಟೆ. ಇಂಜಿನ್ನು ಮುಕ್ಕರಿಸಿತು. ಟಕ ಟಕ ಟಕ. ಅವನು ಕೈಯೆತ್ತಿ ಸಾಕು ಅಂದ.

ಇಂಜಿನ್ ಕೂರುವ ರಬ್ಬರಿನ ಮೌಂಟಿಂಗ್ ಹರಿದಿತ್ತು. ಎಳೆತ ಬಿದ್ದಾಗಲೆಲ್ಲ ಇಂಜಿನ್ ಒಂದು ಕಡೆಗೆ ವಾಲಿ ಅಲ್ಲಿದ್ದದ್ದಕ್ಕೆ ಬಡಿಯುತ್ತಿತ್ತು. ಅಲ್ಲಿದ್ದದ್ದು ಏನು ಅಂತ ಇಳಿದು ಬಗ್ಗಿ ನೋಡಿದೆ. ಅರಿಶಿನ ಬಟ್ಟೆಯಲ್ಲಿ ಬಿಗಿದು, ತಂತಿಯಲ್ಲಿ ಕಟ್ಟಿದ ತೆಂಗಿನಕಾಯಿ. ಹರಕೆಯ ಮುಡುಪು.

"ಮೌಂಟಿಂಗ್ ಬದಲಿ ಮಾಡ್ತೀನಿ ಅಕ್ಕಾರ. ಇದನ್ನ ಮಾತ್ರ ನಾ ಮುಟ್ಟಂಗಿಲ್ಲ. ಕಟ್ಟಿದವ್ರೇ ಬಿಚ್ಚಬೇಕು," ಅಂದ ಮೆಕ್ಯಾನಿಕ್.

ನಾನಂತೂ ಕಟ್ಟಿರಲಿಲ್ಲ. ಮನೆಯಲ್ಲಿ ಇನ್ನುಳಿದವರು ಒಬ್ಬರೇ. ನಾನು ಸೋಮವಾರ ಒಪ್ಪತ್ತು ಮಾಡಿದರೆ ಶಿವನಿಗೆ ಲಂಚ ಕೊಡುತ್ತೀಯಾ ಎಂದು ನಗುತ್ತಿದ್ದ ಮನುಷ್ಯ. ತಿರುಗಿ ನೋಡಿದರೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಪಾಪ ಅನ್ನಿಸಿತು. ಜೀವದ ಆಸೆ ಯಾರಿಗಿಲ್ಲ? ಹತ್ತಿರ ಹೋಗಿ, ಎದೆ ಬೇಗ ನೆಟ್ಟಗಾಗಲಿ ಅಂತ ಬೇಡಿಕೊಂಡಿರೇನು ಅಂತ ಮೆಲ್ಲಗೆ ಕೇಳಿದೆ.

ತಲೆ ಅಲ್ಲಾಡಿಸಿದರು. "ನನ್ನ ಸಲುವಾಗಿ ಅಲ್ಲ. ದಾರ್ಯಾಗ ನನಗೇನರ ಆದ್ರ, ನಿನ್ನ ಕೈಕಾಲು ನಡುಗಬಾರ್ದು. ನೀ ಒಬ್ಬಾಕೀನ ಗಾಡಿ ಹೊಡಕೊಂಡು ಸುಸೂತ್ರ ಮನಿ ಮುಟ್ಟಬೇಕು ಅಂತ."

ಇಷ್ಟು ದಿನ ಪಕ್ಕದಲ್ಲಿ ಕುಳಿತು ನನ್ನ ಕಾಲು ಭಾರ ಎನ್ನುತ್ತಿದ್ದವರು, ತಾವಿಲ್ಲದ ದಾರಿಯಲ್ಲಿ ನನ್ನೊಬ್ಬಳನ್ನೇ ಮನಸ್ಸಿನಲ್ಲೇ ಮನೆ ಮುಟ್ಟಿಸಿಬಿಟ್ಟಿದ್ದರು. ಅಳು ಬರುವ ಮೊದಲು ಸಿಟ್ಟು ಬಂತು.

"ಮನಿಗ್ಯಾಕ ಹೋಗ್ಲಿರೀ ನಾ? ದವಾಖಾನಿಗೆ ಹೊಡಿತೀನಿ. ಮೊದಲು ಹರಕಿ ತಿದ್ದಿ ಬೇಡಿಕೊಳ್ರಿ."

ಮೆಕ್ಯಾನಿಕ್ ಹೊಸ ಮೌಂಟಿಂಗ್ ಹಾಕಿ ಮುಗಿಸಿದ. ಆಮೇಲೆ ನಮ್ಮವರೇ ಬಗ್ಗಿ ತಂತಿ ಬಿಚ್ಚಿ, ಆ ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಲೇ ಇತ್ತು. ಡಾಕ್ಟರ್ ಎದ್ದು ಹೋಗುವ ಹೊತ್ತಾಗಿತ್ತು. ಆದರೂ ನಾನು ಅವಸರ ಮಾಡಲಿಲ್ಲ.