ಆಧಾರ್ ವಯಸ್ಸು, ಮೂಳೆ ವಯಸ್ಸು

ನನ್ನ ಮಗಳು ಇನ್ನೂ ಮೈನೆರೆದಿಲ್ಲ ಅಂತ ಹೊಳೆನರಸೀಪುರದ ನಮ್ಮ ಬೀದಿಗೆಲ್ಲ ಚಿಂತೆ. ಅವಳ ಕ್ಲಾಸಿನ ಹುಡುಗಿಯರಿಗೆಲ್ಲ ಹಸೆಮಣೆ ಹಾಕಿ ಆರತಿ ಮಾಡಿ ಆಗಿತ್ತು. ಹೋದಲ್ಲೆಲ್ಲ ಹೆಂಗಸರು "ನಿಮ್ಮನೇದು ಯಾವಾಗ?" ಅನ್ನೋರು. ಅವರ ಮೇಲೆ ಉರಿದುಬೀಳುತ್ತಿದ್ದೆ, ಒಳಗೆ ಮಾತ್ರ ಪುಕಪುಕ. ಏನಾದರೂ ಕಾಯಿಲೆ ಇದ್ದರೆ? ಕೊನೆಗೆ ಹಾಸನದ ಆಸ್ಪತ್ರೆಗೆ ಕರಕೊಂಡು ಹೋದೆ.

ಡಾಕ್ಟರಮ್ಮ ಆಧಾರ್ ನೋಡಿ ಹದಿನಾಲ್ಕು ವರ್ಷ ಅಂತ ಬರೆದುಕೊಂಡರು. ಎತ್ತರ, ತೂಕ ಅಳೆದರು. ಆಮೇಲೆ ಮಗಳನ್ನೇ ಕೇಳಿ, ಅವಳು ಹೂಂ ಅಂದ ಮೇಲೆ, ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದರು. "ದೊಡ್ಡವಳಾಗೋದು ಒಂದೇ ದಿನದ ಕೆಲಸ ಅಲ್ಲಮ್ಮ, ಐದು ಹಂತ ಇದೆ. ಇವಳು ಮೂರನೇದರಲ್ಲಿದ್ದಾಳೆ" ಅಂದರು. ನಾವೋ ಆ ಒಂದು ದಿನವನ್ನೇ ಕಾಯುತ್ತ ಕೂತಿದ್ದೆವು.

ಮೂಳೆಯ ವಯಸ್ಸು ನೋಡೋಕೆ ಅಂತ ತೆಗೆಸಿದ್ದ ಎಡಗೈಯ ಎಕ್ಸ್‌ರೇ ಬಂತು. ಅದನ್ನು ಬೆಳಕಿಗೆ ಹಿಡಿದು, "ಮೂಳೆಗಳು ಹನ್ನೆರಡೂವರೆ ವರ್ಷದ ಹುಡುಗಿಯವು. ವಯಸ್ಸಿಗೆ ಹಿಂದಿವೆ. ಯಾಕೆ ಅಂತ ನೋಡೋಣ, ರಕ್ತ ಕೊಡಿ" ಅಂದರು.

ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಅವಳ ನಿಜವಾದ ವಯಸ್ಸೇ ಅದು! ಹೆರಿಗೆ ಮನೇಲಾಗಿತ್ತು, ಸ್ಕೂಲಿಗೆ ಬೇಗ ಸೇರಲಿ ಅಂತ ನಾನೇ ಒಂದೂವರೆ ವರ್ಷ ಜಾಸ್ತಿ ಬರೆಸಿದ್ದೆ. ನಮ್ಮ ಕಡೆ ಅದೇನು ದೊಡ್ಡ ಸಂಗತಿಯಲ್ಲ. ಹೇಳಿ ಹೇಳಿ ನನಗೂ ಅದೇ ನಿಜವಾಗಿಬಿಟ್ಟಿತ್ತು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

"ಮೇಡಂ, ಆಧಾರಲ್ಲಿರೋದು ಸುಳ್ಳು. ಇವಳಿಗೆ ಹನ್ನೆರಡೂವರೆನೇ" ಅಂದುಬಿಟ್ಟೆ. ಅವರು ಚೆನ್ನಾಗಿ ಉಗಿದರು. ಉಗಿಯಲಿ ಬಿಡಿ, ಯಾರಿಗೆ ಬೇಜಾರು? ಬೆಳವಣಿಗೆಯ ಚಾರ್ಟಿನಲ್ಲಿ ಎತ್ತರದ ಚುಕ್ಕಿ ಅಳಿಸಿ ಒಂದೂವರೆ ವರ್ಷ ಹಿಂದಕ್ಕೆ ಇಟ್ಟರು. ಅದು ಗೆರೆಗಳ ಸರಿ ಮಧ್ಯಕ್ಕೆ ಬಂದು ಕೂತಿತು. "ಎಲ್ಲ ಸರಿಯಾಗಿದೆ. ರಕ್ತ ಬೇಡ, ಆರು ತಿಂಗಳು ಬಿಟ್ಟು ಬನ್ನಿ." ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲನ್ನು ಎರಡೆರಡು ಹಾರಿಕೊಂಡೇ ಇಳಿದೆ.

ಬಸ್ ಸ್ಟ್ಯಾಂಡಿನಲ್ಲಿ ಬಿಸಿ ಬೋಂಡ ಕೊಡಿಸಿದೆ. ಮಗಳು ಮುಟ್ಟಲಿಲ್ಲ.

"ಅವ್ವ, 'ಓಟದಲ್ಲಿ ಯಾವಾಗ್ಲೂ ಕೊನೆಗೆ ಬತ್ತೀಯ, ಕ್ಲಾಸಿಗೇ ಗಿಡ್ಡಿ ನೀನು' ಅಂತ ನಂಗೆ ದಿನಾ ಬೈತಿದ್ದೆ. ನನ್ನನ್ನ ದೊಡ್ಡೋರ ಜೊತೆ ಓಡ್ಸಿದ್ದು ನೀನೇ ಅಲ್ವಾ?"

"ಊಂ ಕಣವ್ವ, ನಾನೇ" ಅಂದೆ.